ಅರಬೈಲ್ ಇಳಿದು ಬರುವ ಅರವತ್ತಮೂರು

ಅರಬೈಲ್ ಘಟ್ಟದ ಬುಡದ ರಾಮನಗುಳಿಯಲ್ಲಿ ನಿಂತು ‘ರಾಷ್ಟ್ರೀಯ ಹೆದ್ದಾರಿ 52 ಯಾವುದು’ ಎಂದು ಕೇಳಿದರೆ ಎದುರಿಗಿದ್ದವರು ಕೊಂಚ ತಡವರಿಸುತ್ತಾರೆ. ‘ಅರವತ್ತಮೂರು’ ಎಂದರೆ ಮಾತು ಮುಗಿಯುವ ಮೊದಲೇ ಮುಂದಿನ ಡಾಂಬರು ರಸ್ತೆಯತ್ತ ಕೈ ತೋರಿಸುತ್ತಾರೆ. ಸರ್ಕಾರ ಹೆದ್ದಾರಿಗಳ ಸಂಖ್ಯೆ ಬದಲಿಸಿದ್ದು 2010ರಲ್ಲಿ. ಇಷ್ಟು ಮಳೆಗಾಲ ಕಳೆದರೂ ಹಳೆಯ ಸಂಖ್ಯೆ ಊರವರ ಬಾಯಿಂದ ಹೋಗಿಲ್ಲ. ಪತ್ರಿಕೆಗಳ ಅಪಘಾತದ ಸುದ್ದಿಗಳಲ್ಲೂ ಅದು ಆಗಾಗ ಇಣುಕುತ್ತದೆ.

ಹಳೆಯ 63 ಪಡುವಣ ಕಡಲಿನಿಂದ ಮೂಡಣಕ್ಕೆ ಸಾಗುವ ರಸ್ತೆಯಾಗಿತ್ತು. ಅಂಕೋಲೆಯಲ್ಲಿ ಹೊರಟು ಯಲ್ಲಾಪುರ, ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ದಾಟಿ ಆಂಧ್ರದ ಗುತ್ತಿಯಲ್ಲಿ ಮುಗಿಯುತ್ತಿತ್ತು. ಹೊಸ ಲೆಕ್ಕಾಚಾರದಲ್ಲಿ ಉತ್ತರ-ದಕ್ಷಿಣ ಹೆದ್ದಾರಿಗಳಿಗೆ ಸಮಸಂಖ್ಯೆ ಬಂತು. ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಅದು ಏರುತ್ತದೆ. ಪೂರ್ವ-ಪಶ್ಚಿಮದವಕ್ಕೆ ಬೆಸಸಂಖ್ಯೆ, ಅದು ಉತ್ತರದಿಂದ ದಕ್ಷಿಣಕ್ಕೆ ಏರುತ್ತ ಬರುತ್ತದೆ. ಈ ಹೊಸ ಲೆಕ್ಕದಲ್ಲಿ 63 ಹುಬ್ಬಳ್ಳಿಯಲ್ಲಿ ಎರಡು ತುಂಡಾಯಿತು. ಗದಗದ ಕಡೆಯ ತುಂಡು 67ಕ್ಕೆ ಸೇರಿತು. ಅಂಕೋಲೆಯ ಕಡೆಯ ತುಂಡು 52ರ ಬಾಲವಾಯಿತು.

ಆ 52ರ ತಲೆ ಇರುವುದು ಪಂಜಾಬಿನ ಸಂಗ್ರೂರಿನಲ್ಲಿ. ಅಲ್ಲಿಂದ ಹರಿಯಾಣದ ಹಿಸಾರ್, ರಾಜಸ್ಥಾನದ ಸೀಕರ್, ಜೈಪುರ, ಕೋಟಾ, ಮಧ್ಯಪ್ರದೇಶದ ಇಂದೋರ್, ಮಹಾರಾಷ್ಟ್ರದ ಧುಳೆ, ಬೀಡ್, ಸೊಲ್ಲಾಪುರ ಹಾದು ವಿಜಯಪುರಕ್ಕೆ ಬರುತ್ತದೆ. ಮುಂದೆ ಕೊಲ್ಹಾರ, ನರಗುಂದ, ನವಲಗುಂದ, ಹುಬ್ಬಳ್ಳಿ. ಒಟ್ಟು 2,300 ಕಿಲೋಮೀಟರಿನ ಆಸುಪಾಸು. ಇಷ್ಟುದ್ದದ ದಾರಿಯನ್ನು ಯಾರೂ ಹೊಸದಾಗಿ ಕಡಿಯಲಿಲ್ಲ. ಯಲ್ಲಾಪುರದ ಸಿದ್ದಿ ಹೆಂಗಸರು ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುವ ಹಾಗೆ, ಮುಂಬೈ-ಆಗ್ರಾ ರಸ್ತೆಯ ಒಂದಷ್ಟು, ಸೊಲ್ಲಾಪುರ-ಧುಳೆ ರಸ್ತೆ, ವಿಜಯಪುರ-ಹುಬ್ಬಳ್ಳಿ ರಸ್ತೆ ಎಂದು ಬೇರೆ ಬೇರೆ ಕಾಲದ, ಬೇರೆ ಬೇರೆ ಸಂಖ್ಯೆಯ ಹೆದ್ದಾರಿಗಳನ್ನು ಕೂಡಿಸಿ ಒಂದು ಹೆಸರಿಟ್ಟರು ಅಷ್ಟೆ. ಕನ್ನಡದ ಓದುಗರಿಗೆ ಒಂದು ಕುತೂಹಲದ ಸಂಗತಿ: ಮಹಾರಾಷ್ಟ್ರದಲ್ಲಿ ಈ ಹೆದ್ದಾರಿ ಹಾದುಹೋಗುವ ತಾಲ್ಲೂಕು ಕೇಂದ್ರವೊಂದರ ಹೆಸರೇ ‘ಕನ್ನಡ್’. ವೇರುಳದ (ಎಲ್ಲೋರ) ಗುಹೆಗಳಿಂದ ಅದು ದೂರವಿಲ್ಲ.

ಅಂಕೋಲೆಯ ಬಾಳೆಗುಳಿಯಲ್ಲಿ 52 ಕೊನೆಗೊಳ್ಳುತ್ತದೆ, ಅಲ್ಲಿ ಪನ್ವೇಲ್-ಕನ್ಯಾಕುಮಾರಿಯ 66 ಎದುರಾಗುತ್ತದೆ. ಸಂಗ್ರೂರಿನಿಂದ ಹುಬ್ಬಳ್ಳಿಯವರೆಗೆ ದಾಟಿದ ಬಯಲೆಲ್ಲ ಒಂದು ತೂಕವಾದರೆ, ಹುಬ್ಬಳ್ಳಿಯಿಂದ ಅಂಕೋಲೆಗೆ ಇಳಿಯುವ ಕೊನೆಯ ಸುಮಾರು 130 ಕಿಲೋಮೀಟರೇ ಇನ್ನೊಂದು ತೂಕ. ಕಲಘಟಗಿ ದಾಟಿ ಕಿರವತ್ತಿ ಹತ್ತಿರವಾದಂತೆ ಹತ್ತಿ, ಮೆಕ್ಕೆಜೋಳದ ಹೊಲಗಳು ಹಿಂದೆ ಉಳಿದು ತೇಗದ ಕಾಡು ಶುರು. ಯಲ್ಲಾಪುರದಲ್ಲಿ ಚಹಾ ಕುಡಿದು ಹೊರಟ ಲಾರಿ ಇಡಗುಂದಿಯ ಸುತ್ತಿನಲ್ಲಿ ಅರಬೈಲ್ ಘಟ್ಟಕ್ಕೆ ಮೂತಿ ಕೊಡುತ್ತದೆ. ಇಲ್ಲಿಂದ ಎರಡನೇ ಗೇರಿನ ರಾಜ್ಯ. ಒಂದು ಬದಿ ಮಣ್ಣಿನ ಗೋಡೆ, ಇನ್ನೊಂದು ಬದಿ ಕಂದಕ. ತಿರುವಿನಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡಲು ಚಾಲಕ ಕನ್ನಡಿ ನೋಡುತ್ತ ಹಿಂದೆ ಸರಿಯುತ್ತಾನೆ, ಕ್ಲೀನರ್ ಕೆಳಗಿಳಿದು ‘ಬರ್ಲಿ, ಬರ್ಲಿ’ ಎನ್ನುತ್ತ ಬಾಗಿಲು ತಟ್ಟುತ್ತಾನೆ. ಕೆಳಗೆ ತಲುಪುವ ಹೊತ್ತಿಗೆ ಬ್ರೇಕ್ ಲೈನರ್ ಸುಟ್ಟ ವಾಸನೆ ಮೂಗಿಗೆ ಅಡರುತ್ತದೆ. ಗುಳ್ಳಾಪುರ, ರಾಮನಗುಳಿಯ ಬದಿಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳಲ್ಲಿ ಚಾಲಕರ ಹೊಟ್ಟೆಗೆ ನಿಂತವು ಕೆಲವಾದರೆ, ಚಕ್ರ ಆರಲೆಂದು ನಿಂತವು ಹಲವು.

ಇದೇ ಮೇಲ್ನಾಡಿನಿಂದ ಇನ್ನೊಂದು ದಾರಿಯೂ ಕಡಲಿಗೆ ಇಳಿಯುತ್ತದೆ, ನೀರಿನ ದಾರಿ. ಧಾರವಾಡದ ಸೀಮೆಯಲ್ಲಿ ಹುಟ್ಟುವ ಬೇಡ್ತಿ ಕಲಘಟಗಿಯ ಬಳಿ ಹಾದು, ಯಲ್ಲಾಪುರದ ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕುತ್ತದೆ. ಘಟ್ಟದ ಬುಡದಲ್ಲಿ ಅದಕ್ಕೆ ಗಂಗಾವಳಿ ಎಂಬ ಹೆಸರು. ರಸ್ತೆ ಅರಬೈಲಿನ ತಿರುವುಗಳಲ್ಲಿ ಇಳಿದು ಬಂದಾಗ ಹೊಳೆ ಪಕ್ಕದಲ್ಲೇ ಕಾದಿರುತ್ತದೆ. ರಾಮನಗುಳಿ, ಸುಂಕಸಾಳದ ಸೀಮೆಯಲ್ಲಿ ಎರಡೂ ಅಕ್ಕಪಕ್ಕ ಸಾಗುತ್ತವೆ. ಅಡಿಕೆ ತೋಟದ ಮನೆಗಳು ಬಹಳಷ್ಟು ಹೊಳೆಯಾಚೆ, ಬಸ್ಸು, ಅಂಗಡಿಗಳು ಹೊಳೆಯ ಈಚೆ. ಮಕ್ಕಳ ಶಾಲೆ, ಹಸುವಿನ ಹಿಂಡಿ, ಹೆರಿಗೆ, ಹೆಣ ಎಲ್ಲವೂ ಸೇತುವೆ ದಾಟಿಯೇ ಹೆದ್ದಾರಿ ಮುಟ್ಟಬೇಕು.

ಈ ಘಟ್ಟದ ಮೇಲೆ ಬ್ರಿಟಿಷ್ ದೊರೆಗಳ ಕಣ್ಣು ಬಿದ್ದದ್ದು ಹತ್ತಿಯಿಂದಾಗಿ. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ ಅದಕ್ಕೆ ಕುಮಟೆಯ ಹೆಸರೇ ಅಂಟಿಕೊಂಡಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಗಿರಣಿಗಳು ಕಂಗಾಲಾದವು. ಗಿರಣಿ ಮಾಲೀಕರ ದೃಷ್ಟಿ ಕಾರವಾರದ ಆಳದ ಕೊಲ್ಲಿಯ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಹತ್ತಿಗಾಗಿ ಜಿಲ್ಲೆಯೊಂದು ಪ್ರಾಂತ್ಯ ಬದಲಿಸಿತು ಎಂದರೆ ತಪ್ಪಿಲ್ಲ. ಮ್ಯಾಂಚೆಸ್ಟರಿನ ವ್ಯಾಪಾರಿಗಳು ಸದಾಶಿವಗಡಕ್ಕೆ ಯಂತ್ರಗಳನ್ನು ತಂದಿಳಿಸಿದರು. ಆದರೆ ಅವನ್ನು ಮೇಲಕ್ಕೆ ಸಾಗಿಸಲು ಘಟ್ಟದ ರಸ್ತೆಯೇ ಸಿದ್ಧವಿರಲಿಲ್ಲ.

ಮುಂದಿನ ದಶಕಗಳಲ್ಲಿ ಕೈಗಾ ಮತ್ತು ಅರಬೈಲ್ ಘಟ್ಟಗಳ ರಸ್ತೆಗಳು ಗಾಡಿ ಹೋಗುವಷ್ಟು ಅಗಲವಾದವು. ಅಷ್ಟರಲ್ಲಿ ಅಮೆರಿಕದ ಯುದ್ಧ ಮುಗಿದಿತ್ತು. 1880ರ ದಶಕದ ಕೊನೆಗೆ ಹುಬ್ಬಳ್ಳಿಯ ಕಡೆಯಿಂದ ಕ್ಯಾಸಲ್ ರಾಕ್ ಮೂಲಕ ಗೋವೆಯ ಮಾರ್ಮಗೋವಾಕ್ಕೆ ರೈಲು ಓಡಿತು. ಹತ್ತಿ ಆ ದಾರಿ ಹಿಡಿಯಿತು, ಕಾರವಾರದ ಕನಸು ಕಮರಿತು. ಅರಬೈಲಿಗೆ ಉಳಿದದ್ದು ಉಪ್ಪು, ಒಣಮೀನು, ತೆಂಗಿನಕಾಯಿ, ಜೋಳ, ಮೆಣಸಿನಕಾಯಿ. ಇಂಥ ಸಣ್ಣ ಸರಕೇ ಈ ರಸ್ತೆಯನ್ನು ಮುಂದಿನ ನೂರು ವರ್ಷ ಸಾಕಿತು.

ದೊಡ್ಡ ಸರಕು ಮತ್ತೆ ಬಂದದ್ದು ಈ ಶತಮಾನದ ಆರಂಭದಲ್ಲಿ. ಚೀನಾಕ್ಕೆ ಉಕ್ಕು ಬೇಕಾಯಿತು, ಬಳ್ಳಾರಿ-ಹೊಸಪೇಟೆಯ ಅದಿರಿಗೆ ಬೆಲೆ ಏರಿತು, ಅಂಕೋಲೆಯ ಬೇಲೆಕೇರಿ ಮತ್ತು ಕಾರವಾರದ ಬಂದರುಗಳಿಗೆ ಲಾರಿಗಳ ಸಾಲು ಹರಿಯಿತು. ರಸ್ತೆಬದಿಯ ಮರದೆಲೆಗಳು ಕೆಂಪು ಧೂಳು ಹೊದ್ದವು, ಡಾಂಬರು ಎದ್ದು ಹೊಂಡವಾಯಿತು. 2010ರಲ್ಲಿ ಬೇಲೆಕೇರಿಯಲ್ಲಿ ಜಪ್ತಿ ಮಾಡಿಟ್ಟ ಲಕ್ಷಾಂತರ ಟನ್ ಅದಿರು ಕಾಣೆಯಾದ ಸುದ್ದಿ ರಾಜ್ಯವನ್ನೇ ಅಲ್ಲಾಡಿಸಿತು. ಆ ವರ್ಷವೇ ರಾಜ್ಯ ಸರ್ಕಾರ ಬಂದರುಗಳ ಮೂಲಕ ಅದಿರು ರಫ್ತನ್ನು ನಿಲ್ಲಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೇ ತಡೆ ಹಾಕಿತು. ಲಾರಿಗಳ ಸಾಲು ಕರಗಿತು.

ಈಗ ಕೆಳಕ್ಕೆ ತರಕಾರಿ, ಮೇಲಕ್ಕೆ ಮೀನು. ವಾಯವ್ಯ ಸಾರಿಗೆಯ ಕಾರವಾರ-ಹುಬ್ಬಳ್ಳಿ ಬಸ್ಸುಗಳಲ್ಲಿ ಕಾಲೇಜು ಹುಡುಗರ ಜೊತೆ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಹೊರಟ ರೋಗಿಗಳೂ ಇರುತ್ತಾರೆ, ಮಡಿಲಲ್ಲಿ ಎಕ್ಸ್‌ರೇ ಲಕೋಟೆ ಹಿಡಿದು. ಘಟ್ಟದ ಕೆಳಗಿನ ಸಂತೆಗಳು ಘಟ್ಟದ ಮೇಲಿನವರಿಂದಲೇ ನಡೆಯುತ್ತವೆ. ಅದಕ್ಕೆ ತೆತ್ತ ಬೆಲೆ 2025ರ ಜನವರಿ 22ರಂದು ಎಲ್ಲರಿಗೂ ಕಂಡಿತು. ಅಂದು ಬುಧವಾರ, ಕುಮಟೆಯ ಸಂತೆ. ಸವಣೂರಿನಿಂದ ಹಣ್ಣು, ತರಕಾರಿ ತುಂಬಿಕೊಂಡು ರಾತ್ರಿಯೇ ಹೊರಟಿದ್ದ ಲಾರಿ ಬೆಳಗಿನ ಜಾವ ಗುಳ್ಳಾಪುರದ ಹತ್ತಿರ ಕಂದಕಕ್ಕೆ ಉರುಳಿತು. ಸರಕಿನ ಜೊತೆ ಕುಳಿತು ಬರುತ್ತಿದ್ದ 10 ವ್ಯಾಪಾರಿಗಳು ಸತ್ತರು. ಎಲ್ಲರೂ ಸವಣೂರಿನ ಕಡೆಯವರು.

ಮಳೆಗಾಲದಲ್ಲಿ ರಸ್ತೆಯ ಪಾಡು ಬೇರೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುವ ಈ ಇಳುಕಲಿನಲ್ಲಿ ಜಂಬಿಟ್ಟಿಗೆ ಮಣ್ಣು ನೀರು ಕುಡಿದು ಭಾರವಾಗುತ್ತದೆ. ರಸ್ತೆಗೆಂದು ಬುಡ ಕಡಿದ ಗುಡ್ಡ ಆ ಭಾರ ತಾಳಲಾರದು. 2019ರ ಆಗಸ್ಟಿನ ನೆರೆಯಲ್ಲಿ ಗಂಗಾವಳಿ ಹೆದ್ದಾರಿಯನ್ನೇ ಮುಳುಗಿಸಿ, ರಾಮನಗುಳಿಯಿಂದ ಕಲ್ಲೇಶ್ವರದತ್ತ ಹೋಗುವ ತೂಗುಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. 2021ರ ಜುಲೈನಲ್ಲಿ ಗುಳ್ಳಾಪುರದ ಸೇತುವೆ ಹೋಯಿತು, ಅರಬೈಲಿನಲ್ಲಿ ಗುಡ್ಡ ಜರಿದು ಸಂಚಾರ ನಿಂತಿತು. ಇದೇ ಹೊಳೆಯ ಕೆಳದಂಡೆಯ ಶಿರೂರಿನಲ್ಲಿ 2024ರ ಜುಲೈ 16ರಂದು 66ರ ಮೇಲೆ ಕುಸಿದ ಗುಡ್ಡ 11 ಜೀವ ತೆಗೆದದ್ದು ಇನ್ನೂ ಹಸಿ ನೆನಪು. ಅರಬೈಲಿನ ರಸ್ತೆಯನ್ನು ನಾಲ್ಕು ಪಥ ಮಾಡಬೇಕೆಂದರೆ ಎತ್ತಿನ ಗಾಡಿಗೆ ಕಡಿದಷ್ಟೇ ಗುಡ್ಡ ಸಾಲದು. ಇನ್ನಷ್ಟು ಕಡಿದರೆ ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಎಂಜಿನಿಯರುಗಳು ಮಾತ್ರ ಕೂತು ತೀರ್ಮಾನಿಸಿದರೆ ಸಾಲದು, ಗುಡ್ಡದ ಬುಡದ ಮನೆಯವರನ್ನೂ ಕೇಳಬೇಕು.

ದೊಡ್ಡ ಸರಕಿನ ಮೂರನೇ ಸರದಿ ಈಗ ಬಾಗಿಲಲ್ಲಿದೆ. ಅಂಕೋಲೆಯ ಕೇಣಿಯಲ್ಲಿ ವರ್ಷಕ್ಕೆ 3 ಕೋಟಿ ಟನ್ ಸಾಮರ್ಥ್ಯದ ಬಂದರು ಕಟ್ಟಲು 2023ರಲ್ಲಿ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್ ಸಂಸ್ಥೆಗೆ ಒಪ್ಪಿಗೆ ಸಿಕ್ಕಿತು, ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. ಕೇಣಿಯ ಮೀನುಗಾರರು ಬೇಡವೆಂದು ಬೀದಿಗಿಳಿದಿದ್ದಾರೆ. ಬಂದರಿನ ಹೊರೆ ಹೊರಬಲ್ಲ ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ, ಸುಮಾರು 164 ಕಿಲೋಮೀಟರಿನದು, 1990ರ ದಶಕದಿಂದ ಕಡತದಲ್ಲಿದೆ. ದಟ್ಟ ಕಾಡು ಸೀಳಿ ಹೋಗಬೇಕಾದ ಕಾರಣ ನ್ಯಾಯಾಲಯ, ವನ್ಯಜೀವಿ ಮಂಡಳಿಗಳ ಮೆಟ್ಟಿಲು ಹತ್ತಿ ಇಳಿಯುತ್ತಿದೆ. ರೈಲಿಗಿಂತ ಮೊದಲು ಬಂದರು ಎದ್ದರೆ ಅದರ ಪಾಲಿನ ಲಾರಿಗಳು ಹಿಡಿಯಬೇಕಾದದ್ದು ರಾಮನಗುಳಿಯ ಮುಂದೆ ಹಾದು ಅರಬೈಲ್ ಹತ್ತುವ ಈ ಅರವತ್ತಮೂರನ್ನೇ.