ಹ್ಯಾಂಗ್ ಆಗಿದ್ದು ಯಾವ ಪದರ? ಆದೋನಿಯ ಧ್ವನಿಮುದ್ರಣಗಳಿದ್ದ ಮನೆ ಸರ್ವರ್‌ನ ತಪಾಸಣೆ

ಇವತ್ತು ನಾನು ಮಾತಾಡೋದು ಭಾಷೆಯ ಬಗ್ಗೆ ಅಲ್ಲ, ಭಾಷೆಯ ಸಾಮಗ್ರಿ ಇಟ್ಟಿರುವ ಪೆಟ್ಟಿಗೆಯ ಬಗ್ಗೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು. ಮೊದಲ ಎರಡು ಕರ್ನೂಲು ಜಿಲ್ಲೆಗೆ ಸೇರಿದವು. ಆ ಭಾಗದ ಹಿರಿಯರ ಕನ್ನಡ ಮಾತಿನ ಧ್ವನಿಮುದ್ರಣಗಳನ್ನು ಆದೋನಿಯ ಮನೆಯೊಂದರ ಸರ್ವರ್‌ನಲ್ಲಿ ಇಟ್ಟಿದ್ದೇನೆ. ಮಾತಾಡಿದವರಲ್ಲಿ ಕೆಲವರು ಈಗ ಇಲ್ಲ. ಹಾಗಾಗಿ ಸರ್ವರ್ ಪದೇ ಪದೇ ಹ್ಯಾಂಗ್ ಆಗೋಕೆ ಶುರುವಾದಾಗ ಅದು ಬರೀ ಕಂಪ್ಯೂಟರ್ ರಿಪೇರಿಯ ಪ್ರಶ್ನೆ ಆಗಿರಲಿಲ್ಲ.

ಮೊದಲು ರಚನೆ ನೋಡೋಣ. ಕಂಪ್ಯೂಟರ್ ಒಂದೇ, 16 ಜಿಬಿ ರ‍್ಯಾಮ್. ತಳದಲ್ಲಿ ಪ್ರಾಕ್ಸ್‌ಮಾಕ್ಸ್, ಇದನ್ನು ಹೋಸ್ಟ್ ಅಂತೀವಿ. ಅದರ ಮೇಲೆ ವರ್ಚುವಲ್ ಮಷೀನ್ ಆಗಿ ಟ್ರೂನ್ಯಾಸ್, ಇದು ಗೆಸ್ಟ್. ಗೆಸ್ಟ್ ಕೈಯಲ್ಲಿ ಎರಡು ಹಾರ್ಡ್ ಡಿಸ್ಕ್. ಜೆಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಒಂದರಲ್ಲಿ ಬರೆದದ್ದನ್ನೇ ಇನ್ನೊಂದರಲ್ಲೂ ಬರೆಯುತ್ತದೆ. ಅಂದ್ರೆ ಪದರ ಮೂರು: ಹೋಸ್ಟ್, ಗೆಸ್ಟ್, ಡಿಸ್ಕ್. ಯಾವುದು ನಿಂತರೂ ಹೊರಗಿನಿಂದ ನೋಡುವವರಿಗೆ ಕಾಣೋದು ಒಂದೇ: ಫೋಲ್ಡರ್ ತೆರೆಯಲ್ಲ. ಆದ್ದರಿಂದ "ಯಾಕೆ ನಿಂತಿತು" ಅನ್ನೋದಕ್ಕಿಂತ ಮೊದಲು "ನಿಂತದ್ದು ಯಾವುದು" ಅಂತ ಕೇಳಬೇಕು.

ಇದಕ್ಕೆ ಇನ್ನೊಂದು ಕಂಪ್ಯೂಟರ್‌ನಿಂದ ಎರಡನ್ನೂ ಪಿಂಗ್ ಮಾಡಿ. ಹೋಸ್ಟ್ ಉತ್ತರಿಸದಿದ್ದರೆ ನೆಟ್‌ವರ್ಕ್ ಕೇಬಲ್, ವಿದ್ಯುತ್, ಶಾಖ, ರ‍್ಯಾಮ್ ಕಡೆ ನೋಡಬೇಕು. ಹೋಸ್ಟ್ ಉತ್ತರಿಸಿ ಗೆಸ್ಟ್ ಸುಮ್ಮನಿದ್ದರೆ ತೊಂದರೆ ಗೆಸ್ಟ್ ಒಳಗೆ. ಇಬ್ಬರೂ ಉತ್ತರಿಸುತ್ತಾರೆ, ಆದರೆ ಫೈಲ್ ಮಾತ್ರ ತೆರೆಯಲ್ಲ ಅಂದ್ರೆ ಅನುಮಾನ ಡಿಸ್ಕ್ ಮೇಲೆ. ಯಾಕಂದ್ರೆ ಪಿಂಗ್‌ಗೆ ಉತ್ತರ ಕೊಡೋದು ಕರ್ನೆಲ್. ಅದಕ್ಕೆ ಡಿಸ್ಕ್ ಮುಟ್ಟುವ ಅಗತ್ಯವೇ ಇಲ್ಲ. ನಮ್ಮಲ್ಲಿ ಆದದ್ದು ಈ ಮೂರನೆಯದು.

ರ‍್ಯಾಮ್ ಲೆಕ್ಕ ಬೇಗ ಮುಗಿಯುತ್ತೆ, ಅದನ್ನೂ ನೋಡಿಬಿಡಿ. ಜೆಡ್‌ಎಫ್‌ಎಸ್ ಓದಿದ್ದನ್ನು ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುತ್ತದೆ. ಹೋಸ್ಟ್‌ನಲ್ಲೂ ಜೆಡ್‌ಎಫ್‌ಎಸ್ ಇದ್ದರೆ, ಹಳೆಯ ಆವೃತ್ತಿಗಳಲ್ಲಿ ಅದು ಅರ್ಧ ರ‍್ಯಾಮ್‌ವರೆಗೆ, ಅಂದ್ರೆ ಇಲ್ಲಿ 8 ಜಿಬಿ ತನಕ ಬಳಸಬಹುದು. ಗೆಸ್ಟ್‌ಗೆ 8 ಜಿಬಿ ಕೊಟ್ಟಾಗಿದೆ. ಉಳಿದದ್ದು ಸೊನ್ನೆ. ಹೋಸ್ಟ್‌ನ ಪಾಲಿಗೆ ಮಿತಿ ಹಾಕಿದೆವು. ಹ್ಯಾಂಗ್ ಆಗೋದು ನಿಲ್ಲಲಿಲ್ಲ, ಆದರೆ ಒಂದು ಅನುಮಾನ ಕಳೆಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡೋದು ಇದಕ್ಕೇ.

ಇನ್ನು ಡಿಸ್ಕ್. ಅದರ ಆರೋಗ್ಯದ ಲೆಕ್ಕವನ್ನು ಸ್ಮಾರ್ಟ್ ಅಂತಾರೆ. ಡಿಸ್ಕನ್ನು ಹೋಸ್ಟ್ ಮೂಲಕ ವರ್ಚುವಲ್ ಡಿಸ್ಕ್ ಆಗಿ ಕೊಟ್ಟಿದ್ದರೆ ಈ ಲೆಕ್ಕ ಗೆಸ್ಟ್‌ಗೆ ಕಾಣಲ್ಲ. ಗೆಸ್ಟ್‌ನಲ್ಲಿ ಎಷ್ಟು ಹುಡುಕಿದರೂ ಸಿಗಲ್ಲ, ಹೋಸ್ಟ್‌ಗೇ ಇಳಿಯಬೇಕು. ಅಲ್ಲಿ ಎರಡು ಸಾಲು ಮುಖ್ಯ. 197ನೆಯದು ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು. ಇದು ಡಿಸ್ಕ್ ಹಾಳಾಗುತ್ತಿರುವ ಸೂಚನೆ. 199ನೆಯದು ಸಾಗಣೆಯ ದೋಷ. ಇದು ಏರುತ್ತಿದ್ದರೆ ಮೊದಲು ಡಿಸ್ಕ್‌ನ ಕೇಬಲ್ ಬದಲಿಸಿ. ನಮ್ಮ ಒಂದು ಡಿಸ್ಕ್‌ನಲ್ಲಿ 197 ಏರುತ್ತಿತ್ತು, 199 ಸೊನ್ನೆ.

ಇನ್ನೊಂದು ಡಿಸ್ಕ್ ಚೆನ್ನಾಗಿದೆಯಲ್ಲ, ಹಾಗಾದ್ರೆ ಯಾಕೆ ಹ್ಯಾಂಗ್? ಪೂರ್ತಿ ಸತ್ತ ಡಿಸ್ಕ್‌ಗಿಂತ ಅರೆಜೀವದ ಡಿಸ್ಕ್ ಕಷ್ಟ. ಸರ್ವರ್‌ಗೆಂದೇ ಮಾಡಿದ ಡಿಸ್ಕ್‌ಗಳು ಸಾಮಾನ್ಯವಾಗಿ 7 ಸೆಕೆಂಡ್ ಪ್ರಯತ್ನಿಸಿ "ಆಗಲ್ಲ" ಅಂತ ಹೇಳಿಬಿಡುತ್ತವೆ. ಆಗ ಜೆಡ್‌ಎಫ್‌ಎಸ್ ಇನ್ನೊಂದರಿಂದ ಓದುತ್ತದೆ. ಮಾಮೂಲಿ ಡೆಸ್ಕ್‌ಟಾಪ್ ಡಿಸ್ಕ್ ಒಂದೇ ಸೆಕ್ಟರ್‌ಗಾಗಿ ನಿಮಿಷಕ್ಕೂ ಹೆಚ್ಚು ಒದ್ದಾಡಬಹುದು. ಲಿನಕ್ಸ್ 30 ಸೆಕೆಂಡ್ ಕಾದು ಡಿಸ್ಕನ್ನು ರೀಸೆಟ್ ಮಾಡಿ ಮತ್ತೆ ಕೇಳುತ್ತದೆ. ಅಷ್ಟು ಹೊತ್ತು ಮೇಲಿನ ಪದರಗಳೆಲ್ಲ ಕಾಯುತ್ತವೆ. ಅದನ್ನೇ ನಾವು ಹ್ಯಾಂಗ್ ಅಂತೀವಿ. ಕೆಲವು ಡಿಸ್ಕ್‌ಗಳಲ್ಲಿ ಈ 7 ಸೆಕೆಂಡ್ ಮಿತಿಯನ್ನು ನಾವೇ ಹಾಕಬಹುದು, ಆದರೆ ವಿದ್ಯುತ್ ಹೋದರೆ ಅದು ಸಾಮಾನ್ಯವಾಗಿ ಅಳಿಯುತ್ತದೆ. ಪ್ರತಿ ಸಲ ಆನ್ ಆದಾಗಲೂ ತಾನೇ ಹಾಕಿಕೊಳ್ಳುವಂತೆ ವ್ಯವಸ್ಥೆ ಮಾಡಬೇಕು.

ಊರಿನ ಸಂಗತಿಯೂ ಇದೆ. ಆದೋನಿಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಸಾಮಾನ್ಯ. ಕೋಣೆಯೇ ಅಷ್ಟಿದ್ದರೆ ಮುಚ್ಚಿದ ಪೆಟ್ಟಿಗೆಯೊಳಗಿನ ಡಿಸ್ಕ್ ಅದಕ್ಕಿಂತ ಬಿಸಿ. ಅದಕ್ಕೇ ಹ್ಯಾಂಗ್ ಆದ ಗಂಟೆಯನ್ನೂ ಡಿಸ್ಕ್‌ನ ಉಷ್ಣತೆಯನ್ನೂ ಬರೆದಿಟ್ಟೆವು. ರಾತ್ರಿಯೂ ಹ್ಯಾಂಗ್ ಆಗುತ್ತಿತ್ತು. ಹಾಗಾಗಿ ಬರೀ ಶಾಖವೇ ಕಾರಣ ಅನ್ನುವಂತಿರಲಿಲ್ಲ.

ಡಿಸ್ಕ್ ಬದಲಿಸಿದ ಮೇಲೆ ತೊಂದರೆ ನಿಂತಿತು. ಆದರೆ ಕ್ರಮ ಗಮನಿಸಿ: 197 ಏರಿದ್ದು ಕಂಡ ಕೂಡಲೇ ಮಾಡಿದ ಮೊದಲ ಕೆಲಸ ಡಿಸ್ಕ್ ಬದಲಾವಣೆ ಅಲ್ಲ, ಧ್ವನಿಮುದ್ರಣಗಳ ನಕಲು. ಹೊಸ ಡಿಸ್ಕ್ ತುಂಬಿಸುವಾಗ ಉಳಿದ ಒಂದೇ ಡಿಸ್ಕ್ ಮೇಲೆ ಪೂರ್ತಿ ಭಾರ ಬೀಳುತ್ತೆ; ಅದೂ ಕೈಕೊಟ್ಟರೆ ಮುಗೀತು. ಜೋಡಿ ಡಿಸ್ಕ್ ಅಂದ್ರೆ ಬ್ಯಾಕಪ್ ಅಲ್ಲ: ಒಂದರಲ್ಲಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತೆ. ನಕಲು ಬೇರೆ ಪೆಟ್ಟಿಗೆಯಲ್ಲಿ, ಆದಷ್ಟು ಬೇರೆ ಊರಲ್ಲಿ ಇರಲಿ. ಅದರಿಂದ ಆಗಾಗ ಒಂದು ಫೈಲ್ ತೆಗೆದು, ಕೇಳಿ ನೋಡಿ.