ಕೋಳಿಯ ಕರುಳಿನಲ್ಲಿ ಸಿಕ್ಕಿಬಿದ್ದ ಅಪರಾಧಿ

ಕ್ಲಾಸ್ಟ್ರಿಡಿಯಮ್ ಪರ್‌ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಆರೋಗ್ಯವಂತ ಕೋಳಿಯ ಕರುಳಿನಲ್ಲೂ ಇರುತ್ತದೆ. ಸಾಮಾನ್ಯವಾಗಿ ಅದರಿಂದ ತೊಂದರೆಯಿಲ್ಲ. ಆದರೆ ಅದರ ಕೆಲವು ತಳಿಗಳು ಕರುಳಿನ ಒಳಪದರವನ್ನೇ ಕೊಳೆಸಿ ಕೋಳಿಯನ್ನು ಕೊಲ್ಲುತ್ತವೆ. ಈ ರೋಗಕ್ಕೆ ನೆಕ್ರೋಟಿಕ್ ಎಂಟರೈಟಿಸ್ ಎಂದು ಹೆಸರು. ಒಂದೇ ಜಾತಿಯಲ್ಲಿ ಒಂದು ಸಾಧು, ಇನ್ನೊಂದು ಕೊಲೆಗಾರ. ಏಕೆ?

ಆಲ್ಫಾ ಟಾಕ್ಸಿನ್ ಎಂಬ ವಿಷವೇ ಕಾರಣವೆಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. 2006ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಆ ವಿಷ ತಯಾರಿಸುವ ವಂಶವಾಹಿಯನ್ನು, ಅಂದರೆ ಜೀನನ್ನು, ಕೆಡಿಸಿದ ಬ್ಯಾಕ್ಟೀರಿಯಾವನ್ನು ಕೋಳಿಗಳಿಗೆ ಕೊಟ್ಟರು. ಆದರೂ ರೋಗ ಬಂತು! 2008ರಲ್ಲಿ ಅವರಿಗೆ ‘ನೆಟ್‌ಬಿ’ ಎಂಬ ಬೇರೊಂದು ವಿಷ ಸಿಕ್ಕಿತು. ಅದರ ವಂಶವಾಹಿಯನ್ನು ಕೆಡಿಸಿದಾಗ ರೋಗ ಬರಲಿಲ್ಲ. ಮರಳಿ ಸೇರಿಸಿದಾಗ ಬಂತು. ಜೀವಕೋಶದ ಪೊರೆಯಲ್ಲಿ ರಂಧ್ರ ಕೊರೆಯುವುದೇ ಈ ವಿಷದ ಕೆಲಸ.

ಈ ವಂಶವಾಹಿ ಇರುವುದು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ. ಉಂಗುರ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಆದರೆ ವಂಶವಾಹಿಯೊಂದೇ ಸಾಲದು. ಕಾಕ್ಸಿಡಿಯೋಸಿಸ್ ರೋಗದಿಂದ ಕರುಳು ಮೊದಲೇ ಗಾಯಗೊಂಡಿದ್ದರೆ, ಆಹಾರದಲ್ಲಿ ಮೀನಿನ ಪುಡಿ ಹೆಚ್ಚಾದರೆ ರೋಗಕ್ಕೆ ದಾರಿ ಸುಗಮ.

ಇಷ್ಟೆಲ್ಲ ತಿಳಿದು ಪ್ರಯೋಜನವೇನು? ಕೋಳಿ ಬೇಗ ಬೆಳೆಯಲೆಂದು ಆಹಾರಕ್ಕೆ ಬೆರೆಸುತ್ತಿದ್ದ ಆಂಟಿಬಯಾಟಿಕ್‌ಗಳು ಈ ರೋಗವನ್ನೂ ತಡೆಯುತ್ತಿದ್ದವು. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುವ ಭಯದಿಂದ ಐರೋಪ್ಯ ಒಕ್ಕೂಟ 2006ರಲ್ಲಿ ಆ ಬಳಕೆಯನ್ನು ನಿಷೇಧಿಸಿತು. ಔಷಧಿಯ ಆಸರೆ ತಪ್ಪಿದಾಗ ಲಸಿಕೆ ಬೇಕು. ತಪ್ಪು ವಿಷದ ವಿರುದ್ಧ ಲಸಿಕೆ ಮಾಡಿದರೆ ಕೋಳಿ ಉಳಿಯುವುದೇ? ತೆಗೆದು ನೋಡಿ, ಮರಳಿ ಸೇರಿಸಿ ನೋಡಿ, ಆಮೇಲೆ ಅಪರಾಧಿಯ ಹೆಸರು ಹೇಳಬೇಕು. ವಿಜ್ಞಾನದ ನ್ಯಾಯ ಇದೇ.