ಸೂಪಾ ಮುಳುಗಿತು, ವಿಜ್ಞಾನ ಮಾತ್ರ ಪುಸ್ತಕದಲ್ಲೇ ಉಳಿಯಿತು!

ದಾಂಡೇಲಿಯಿಂದ ಜೊಯಿಡಾಕ್ಕೆ ಹೊರಟ ಬಸ್ಸು ಗಣೇಶಗುಡಿ ಹತ್ತಿರ ಬಂದಿತ್ತು. ಪಕ್ಕದ ಸೀಟಿನ ಹೈಸ್ಕೂಲು ಹುಡುಗ ಕಣ್ಣು ಮುಚ್ಚಿಕೊಂಡು ಪ್ರಚ್ಛನ್ನ ಶಕ್ತಿಯ ವ್ಯಾಖ್ಯೆ ಬಾಯಿಪಾಠ ಮಾಡುತ್ತಿದ್ದ.

"ತಮ್ಮಾ, ಆ ಶಕ್ತಿ ಎಲ್ಲಿ ಸಿಗತದ?" ಎಂದು ಕೇಳಿದೆ.

"ವಿಜ್ಞಾನ ಪುಸ್ತಕದಾಗ್ರಿ!"

ಅಲ್ಲೇ ಹತ್ತಿರ 101 ಮೀಟರ್ ಎತ್ತರದ ಸೂಪಾ ಆಣೆಕಟ್ಟು ನಿಂತಿದೆ. ಅದರ ಹಿಂದೆ ತುಂಬಿ ನಿಂತ ಕಾಳಿಯ ನೀರೇ ಆ ಶಕ್ತಿ. ಹುಡುಗನಿಗೆ ಅದನ್ನು ಯಾರೂ ತೋರಿಸಿಲ್ಲ. ತಪ್ಪು ಹುಡುಗನದಲ್ಲ.

ಮುಳುಗಿದ ಊರೇ ಒಂದು ಪಾಠ

ಕಾಳಿ–ಪಾಂಡರಿ ನದಿಗಳ ಸಂಗಮದಲ್ಲಿದ್ದ ಸೂಪಾ ಒಂದು ಕಾಲಕ್ಕೆ ತಾಲೂಕಿನ ಕೇಂದ್ರ. ಆಣೆಕಟ್ಟಿಗಾಗಿ ಊರು ನೀರು ಪಾಲಾಯಿತು, ಕೇಂದ್ರ ಜೊಯಿಡಾಕ್ಕೆ ಹೋಯಿತು. ಎಷ್ಟೋ ಮನೆಗಳು ರಾಮನಗರ ಸೇರಿದವು. ಆಣೆಕಟ್ಟು ಮುಗಿದದ್ದು 1987ರಲ್ಲಿ. ಅದರ ಬುಡದ ವಿದ್ಯುತ್ ಮನೆಯಲ್ಲಿ 50 ಮೆಗಾವ್ಯಾಟಿನ ಎರಡು ಯಂತ್ರಗಳಿವೆ. ಅದೇ ನೀರು ಮುಂದೆ ನಾಗಝರಿಯಲ್ಲಿ ಮತ್ತೆ ಕರೆಂಟು ಕೊಡುತ್ತದೆ.

ಅಜ್ಜನ ಊರು ಕೊಟ್ಟು ಪಡೆದ ಕರೆಂಟು ಎಷ್ಟು ನೀರಿಗೆ ಎಷ್ಟು ಎಂದು ಮೊಮ್ಮಗ ಲೆಕ್ಕ ಹಾಕಬೇಡವೇ? ಹತ್ತಿರಹತ್ತಿರ 3,700 ಲೀಟರ್ ನೀರು 100 ಮೀಟರ್ ಕೆಳಗೆ ಬಿದ್ದರೆ ಒಂದು ಯೂನಿಟ್ ಶಕ್ತಿ. ಯಂತ್ರದಲ್ಲಿ ಪೋಲಾಗುವುದನ್ನು ಹಿಡಿದರೆ 4,000 ಲೀಟರ್ ದಾಟುತ್ತದೆ. ಅಂದರೆ ಮಾಳಿಗೆ ಮೇಲಿನ ಸಾವಿರ ಲೀಟರಿನ ನಾಲ್ಕು ಟಾಕಿ. ಅಂಗಡಿಯ 75 ವ್ಯಾಟಿನ ಫ್ಯಾನು ಅದರಲ್ಲಿ ಹದಿಮೂರು ತಾಸು ತಿರುಗೀತು. ಈ ಲೆಕ್ಕ ಒಮ್ಮೆ ತಲೆಗೆ ಹೋದರೆ ಸುಮ್ಮನೆ ಫ್ಯಾನು ಹಾಕಿಟ್ಟು ಹೋಗಲು ಕೈ ಬರುವುದಿಲ್ಲ.

ಇನ್ನು ಒತ್ತಡದ ಪಾಠ. ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋ ಭಾರ ಏರುತ್ತದೆ. ನೂರು ಮೀಟರ್ ಆಳದಲ್ಲಿ ಹತ್ತು ಕಿಲೋ. ನಾವು ಕುಳಿತ ಬಸ್ಸಿನ ಟಾಯರಿನಲ್ಲೂ ಅಷ್ಟು ಒತ್ತಡ ಇರುವುದಿಲ್ಲ. ಆಣೆಕಟ್ಟಿನ ಬುಡ ಯಾಕೆ ಅಷ್ಟು ದಪ್ಪ ಎಂದು ಕೇಳಿದರೆ ಮಗು ಆಗ ತಾನೇ ಹೇಳುತ್ತದೆ.

ಅಡಿಗೆಮನೆ ಪ್ರಯೋಗಶಾಲೆ

ಆಮ್ಲ–ಪ್ರತ್ಯಾಮ್ಲ ಪಾಠಕ್ಕೆ ಲಿಟ್ಮಸ್ ಕಾಗದ ಬಂದಿಲ್ಲವೇ? ಮುರುಗಲಿನ ಸಿಪ್ಪೆ ಇದೆಯಲ್ಲ! ಅದರ ಕೆಂಪು ನೀರಿಗೆ ಚಿಟಿಕೆ ಚಿಟಿಕೆಯಾಗಿ ಅಡಿಗೆ ಸೋಡಾ ಹಾಕಿದರೆ ಬಣ್ಣ ತಿರುಗುತ್ತದೆ. ಅರಿಶಿಣದ ಕಲೆಗೆ ಸಾಬೂನು ತಾಗಿದರೆ ಕೆಂಪಾಗುವುದು ಬಟ್ಟೆ ಒಗೆಯುವ ತಾಯಂದಿರಿಗೆಲ್ಲ ಗೊತ್ತು.

ಪಿಷ್ಟದ ಪರೀಕ್ಷೆಗೆ ಬಟಾಟೆಯೇ ಬೇಕೆಂದಿಲ್ಲ. ಜೊಯಿಡಾದ ಕುಣಬಿಗಳು ಬೆಳೆಯುವ ಗಡ್ಡೆ–ಗೆಣಸುಗಳಿಗೆ ಮೇಳವೇ ನಡೆಯುತ್ತದೆ. ಗೆಣಸಿನ ಹೋಳಿನ ಮೇಲೆ ಅಯೋಡಿನ್ ಹನಿ ಬಿಟ್ಟರೆ ಕಡುನೀಲಿ. ಮನೆಯಲ್ಲಿ ಕೊಂಕಣಿ ಆಡಿ ಶಾಲೆಯಲ್ಲಿ ಕನ್ನಡ ಪುಸ್ತಕ ಓದುವ ಮಗು ಅಂದು ಮೊದಲ ಸಲ ಮಾಸ್ತರರಿಗೇ ಗೆಣಸಿನ ಹೆಸರು ಕಲಿಸೀತು. ಹಿಂದಿನ ಬೆಂಚು ಮುಂದೆ ಬರುವುದು ಹೀಗೆ.

ಮಂಗನ ಕಾಯಿಲೆ ವಿಷಯವಂತೂ ಜೀವದ ಪ್ರಶ್ನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ನಮ್ಮ ಜಿಲ್ಲೆಗೂ ಬಂದಿದೆ. ಅದನ್ನು ಹರಡುವುದು ಉಣ್ಣೆ. ದಿನಾ ಕಾಡುದಾರಿ ನಡೆದು ಶಾಲೆಗೆ ಬರುವ ಮಗುವಿಗೆ ಇದು ಪರೀಕ್ಷೆಯ ಎರಡು ಅಂಕದ ಮಾತಲ್ಲ.

ಹೊಸ ಮಾತೇನಲ್ಲ

ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲೇ 16 ಶಾಲೆಗಳಲ್ಲಿ ಮಾಡಿ ಕಲಿಯುವ ವಿಜ್ಞಾನ ಶುರುವಾಗಿತ್ತು. ಅಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ! ನೂರಾರು ಶಾಲೆಗಳಿಗೆ ಹಬ್ಬಿದ ಆ ಕಾರ್ಯಕ್ರಮವನ್ನು 2002ರಲ್ಲಿ ಸರಕಾರವೇ ನಿಲ್ಲಿಸಿತು. ಮೂರೇ ವರ್ಷಕ್ಕೆ, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು ಹೇಳಿತು! ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸುತ್ತ ಬಂದ ಮಕ್ಕಳ ವಿಜ್ಞಾನ ಸಮಾವೇಶದಲ್ಲೂ ಮಕ್ಕಳು ತಮ್ಮೂರಿನದೇ ಸಮಸ್ಯೆ ಹಿಡಿದು ಶೋಧಿಸುತ್ತಾರೆ. ಆದರೆ ಅದು ಆಯ್ದ ನಾಲ್ಕು ಮಕ್ಕಳಿಗೆ. ಉಳಿದವರಿಗೆ?

"ಪೋರ್ಶನ್ ಮುಗಿಸೋದ್ರಾಗ ಸಾಕಾಗಿ ಹೋಗತದ್ರಿ, ಆಣೆಕಟ್ಟು ಯಾವಾಗ ತೋರಸೋಣು?" ಎನ್ನುವ ಮಾಸ್ತರರ ಮಾತೂ ಸುಳ್ಳಲ್ಲ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಬೆಂಗಳೂರಿಗೂ ಜೊಯಿಡಾಕ್ಕೂ ಒಂದೇ. ಪುಸ್ತಕ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಪುಸ್ತಕದ ಪಾಠವನ್ನೇ ಊರಿನ ವಸ್ತುವಿನಿಂದ ಶುರು ಮಾಡಿ ಅಂತಷ್ಟೇ. ಕಂಡದ್ದು ಮರೆಯುವುದಿಲ್ಲ, ಉರು ಹೊಡೆದದ್ದು ಉಳಿಯುವುದಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟ ಈ ಬಾತ್ಮೀದಾರನ ಅನುಭವವೇ ಇದಕ್ಕೆ ಸಾಕ್ಷಿ.

ಜೊಯಿಡಾ ಬಂತು. ಹುಡುಗ ಇಳಿಯುವ ಮುಂಚೆ ಕೇಳಿದ: "ಅಂಕಲ್, ನೀರು ಇಳದಾಗ ಹಳೇ ಸೂಪಾ ಕಾಣಸ್ತದಂತ, ಖರೇನ್ರಿ?"

ಆ ಪ್ರಶ್ನೆಯಿಂದಲೇ ಪಾಠ ಶುರುವಾಗಬಹುದು. ಶಿಕ್ಷಣ ಇಲಾಖೆಯವರು ವರ್ಷಕ್ಕೊಂದು ದಿನ, ಒಂದು ಬಸ್ಸು, ಆಣೆಕಟ್ಟು ನೋಡಲು ಒಂದು ಪರವಾನಗಿ ಕೊಡಿಸಿಯಾರೇ?